ಮರಗೆಲಸದಲ್ಲಿ ಸ್ಟೇನ್ ಮತ್ತು ಹೊರಲೇಪದ ಆಯ್ಕೆ

ಮರಗೆಲಸದಲ್ಲಿ ಸ್ಟೇನ್ ಎಂದರೆ ಮರದ ಎಳೆಗಳನ್ನು ಮರೆಮಾಚದೆ ಅದರ ಬಣ್ಣವನ್ನು ಮಾತ್ರ ಬದಲಿಸುವ ದ್ರವ. ಹೊರಲೇಪ ಎಂದರೆ ಮರವನ್ನು ತೇವ, ಕೊಳೆ, ಬಿಸಿ ಮತ್ತು ಸವೆತದಿಂದ ಕಾಪಾಡುವ ಎಣ್ಣೆ, ಮೇಣ, ಅರಗು, ವಾರ್ನಿಷ್ ಮುಂತಾದ ಪದಾರ್ಥ. ಆಡುಮಾತಿನಲ್ಲಿ ಇವೆರಡನ್ನೂ ಸೇರಿಸಿ 'ಪಾಲಿಶ್' ಎನ್ನುವುದುಂಟು. ಆದರೆ ಇವುಗಳ ಕಾರ್ಯ ಬೇರೆ ಬೇರೆ. ಸ್ಟೇನ್ ನೋಟವನ್ನು ನಿರ್ಧರಿಸಿದರೆ ಹೊರಲೇಪವು ವಸ್ತುವಿನ ಬಾಳಿಕೆಯನ್ನು ನಿರ್ಧರಿಸುತ್ತದೆ. ಮನೆಯಲ್ಲಿಯೇ ಮಣೆ, ಕಪಾಟು, ತೊಟ್ಟಿಲು, ಆಟಿಕೆ ಮೊದಲಾದವನ್ನು ತಯಾರಿಸುವವರು ಮೊದಲು ವಸ್ತುವಿನ ಬಳಕೆಯನ್ನೂ, ಅನಂತರ ಅದಕ್ಕೆ ತಕ್ಕ ಹೊರಲೇಪವನ್ನೂ, ಕೊನೆಯಲ್ಲಿ ಆ ಲೇಪಕ್ಕೆ ಹೊಂದುವ ಸ್ಟೇನನ್ನೂ ಗೊತ್ತುಮಾಡಿಕೊಳ್ಳುವುದು ಉಚಿತ. ಬಳಿಯುವಾಗ ಸ್ಟೇನ್ ಮೊದಲು ಬರುವುದಾದರೂ ಆಯ್ಕೆಯಲ್ಲಿ ಅದು ಕೊನೆಯದು.

ಕರ್ನಾಟಕದ ಪರಂಪರೆ

ಕರ್ನಾಟಕದ ಮರಗೆಲಸದ ಕೇಂದ್ರಗಳು ತಮ್ಮ ಮರಕ್ಕೂ ಬಳಕೆಗೂ ಹೊಂದುವ ಲೇಪಗಳನ್ನು ರೂಢಿಸಿಕೊಂಡಿವೆ.

ರಾಮನಗರ ಸೀಮೆಯ ಚನ್ನಪಟ್ಟಣದಲ್ಲಿ ಬಿಳುಪಾದ, ನುಣುಪಾದ ಆಲೆ ಮರವನ್ನು ಚರಕಿಯಲ್ಲಿ ಕಡೆದು ಆಟಿಕೆಗಳನ್ನು ಮಾಡುತ್ತಾರೆ. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುತ್ತಿರುವ ಮರಕ್ಕೆ ಒತ್ತಿ ಹಿಡಿದಾಗ ಉಜ್ಜುವಿಕೆಯ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಬಳಿಕ ಕೇದಗೆ ಜಾತಿಯ ಒಣಗಿದ ಗರಿಯಿಂದ ಒತ್ತಿ ಮೆರುಗು ತರುತ್ತಾರೆ. ಇಲ್ಲಿ ಬಣ್ಣ ಮತ್ತು ಹೊರಲೇಪ ಒಂದೇ ಪದರದಲ್ಲಿ ಬೆರೆತಿವೆ. ಕುಂಚವಾಗಲಿ ದ್ರಾವಕವಾಗಲಿ ಬೇಕಾಗುವುದಿಲ್ಲ.

ಕೊಪ್ಪಳ ಜಿಲ್ಲೆಯ ಕಿನ್ನಾಳದಲ್ಲಿ ಚಿತ್ರಗಾರ ಮನೆತನದವರು ಹಗುರವಾದ ಮರದಲ್ಲಿ ಗೊಂಬೆ ಮತ್ತು ದೇವತಾಮೂರ್ತಿಗಳನ್ನು ಕೆತ್ತುತ್ತಾರೆ. ಹುಣಸೆ ಬೀಜದ ಅಂಟು, ಮರದ ಹೊಟ್ಟು ಮೊದಲಾದವುಗಳಿಂದ ಮಾಡಿದ 'ಕಿಟ್ಟ'ವನ್ನು ಮೂರ್ತಿಗೆ ಹಚ್ಚಿ, ಬಟ್ಟೆಯ ತುಣುಕುಗಳನ್ನು ಅಂಟಿಸಿ, ಕಲ್ಲುಪುಡಿಯ ಸರಿಯನ್ನು ಬಳಿದ ಮೇಲೆ ಬಣ್ಣ ಕೊಡುತ್ತಾರೆ. ಇದು ಮರದ ಎಳೆಗಳನ್ನು ಪೂರ್ಣವಾಗಿ ಮುಚ್ಚುವ ಕ್ರಮ. ಮೃದುವಾದ, ಎಳೆಗಳ ಸೊಬಗು ಅಷ್ಟಾಗಿ ಇಲ್ಲದ ಮರಕ್ಕೆ ಇದು ಸಹಜವಾಗಿ ಒಗ್ಗುತ್ತದೆ. ಧಾರವಾಡ ಜಿಲ್ಲೆಯ ಕಲಘಟಗಿಯ ತೊಟ್ಟಿಲುಗಳು ಅರಗು ಬೆರೆಸಿದ ಬಣ್ಣದ ಚಿತ್ತಾರಕ್ಕೆ ಹೆಸರಾಗಿವೆ.

ಇದಕ್ಕೆ ವಿರುದ್ಧವಾದ ಮಾದರಿ ಮೈಸೂರಿನ ಬೀಟೆ ಮರದ ಒಳಕೂರಿಕೆಯ ಕೆಲಸ. ಬೀಟೆಯ ನೇರಳೆ ಮಿಶ್ರಿತ ಕಂದು ಬಣ್ಣವೇ ಅದರ ಹಿನ್ನೆಲೆ. ಆದುದರಿಂದ ಅಲ್ಲಿ ಸ್ಟೇನಿಗೆ ಎಡೆಯಿಲ್ಲ. ಪಾರದರ್ಶಕವಾದ ಮೆರುಗು ಮಾತ್ರ ಸಾಕಾಗುತ್ತದೆ.

ಅರಗು ಕೈಗಾರಿಕೆಯ ರೂಪವನ್ನು ಪಡೆದ ನಿದರ್ಶನವೂ ರಾಜ್ಯದಲ್ಲಿದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಮೈಸೂರಿನಲ್ಲಿ 'ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್' ಸ್ಥಾಪನೆಯಾಯಿತು. 1989ರಲ್ಲಿ ಅದಕ್ಕೆ 'ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಲಿಮಿಟೆಡ್' ಎಂಬ ಹೆಸರಾಯಿತು. ಚುನಾವಣೆಯಲ್ಲಿ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿಯನ್ನು ತಯಾರಿಸುವ ಸಂಸ್ಥೆಯೂ ಇದೇ.

ಮರದ ಗುಣ

ಒಂದೇ ಡಬ್ಬಿಯ ಸ್ಟೇನ್ ಎರಡು ಮರಗಳ ಮೇಲೆ ಎರಡು ಬಣ್ಣವಾಗಿ ಕಾಣುತ್ತದೆ. ಮರದ ಸಹಜ ಬಣ್ಣ, ರಂಧ್ರಗಳ ಗಾತ್ರ, ಎಣ್ಣೆಯ ಅಂಶ ಮತ್ತು ಒಗರು ಇದಕ್ಕೆ ಕಾರಣ.

- ತೇಗ (ಸಾಗುವಾನಿ): ಸ್ವತಃ ಎಣ್ಣೆಯ ಅಂಶವುಳ್ಳ ಮರ. ಲೇಪವು ಸರಿಯಾಗಿ ಹತ್ತಿಕೊಳ್ಳಬೇಕಾದರೆ ಬಳಿಯುವ ಮುನ್ನ ಮೇಲ್ಮೈಯನ್ನು ತಿನ್ನರ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಬೇಕು. ಸ್ಟೇನ್ ಅನಾವಶ್ಯಕ.
- ಬೀಟೆ: ಇದರಲ್ಲಿರುವ ಸಹಜ ದ್ರವ್ಯಗಳು ಎಣ್ಣೆ ಮತ್ತು ಎಣ್ಣೆ ಆಧಾರಿತ ವಾರ್ನಿಷ್ ಒಣಗುವುದನ್ನು ತಡೆಯುತ್ತವೆ. ಮೊದಲು ಅರಗಿನ ತೆಳುವಾದ ಪದರವನ್ನು ಕೊಡುವುದು ರೂಢಿ.
- ಹೊನ್ನೆ: ಚೇಗಿನಲ್ಲಿ ನೀರಿಗೆ ಬಿಟ್ಟುಕೊಳ್ಳುವ ಬಣ್ಣವಿದೆ. ನೀರು ಆಧಾರಿತ ಲೇಪವನ್ನು ನೇರವಾಗಿ ಬಳಿದರೆ ಬಣ್ಣ ಹರಡಬಹುದು.
- ಹಲಸು: ಹೊಸದಾಗಿ ಕೊಯ್ದಾಗ ಹಳದಿ. ಬೆಳಕಿಗೆ ಒಡ್ಡಿಕೊಂಡಂತೆ ತಾನಾಗಿಯೇ ಕಂದಾಗುತ್ತದೆ. ಇಂದಿನ ಬಣ್ಣವನ್ನು ನೋಡಿ ಸ್ಟೇನ್ ಆರಿಸಿದರೆ ಕೆಲವು ವರ್ಷಗಳಲ್ಲಿ ಅದು ನಿರೀಕ್ಷೆಗಿಂತ ಗಾಢವಾಗುತ್ತದೆ.
- ಬೇವು: ತಿಳಿಗೆಂಪು ಬಣ್ಣದ ಮರ. ಅಗಸೆ ಎಣ್ಣೆಯಿಂದ ಬಣ್ಣ ಮತ್ತಷ್ಟು ತುಂಬಿಕೊಳ್ಳುತ್ತದೆ.
- ರಬ್ಬರ್ ಮರ: ಬಿಳುಪಾದ, ಸ್ಟೇನನ್ನು ಚೆನ್ನಾಗಿ ಹಿಡಿಯುವ ಮರ. ಸಂಸ್ಕರಿಸದೆ ಇದ್ದರೆ ಬೂಷ್ಟು ಮತ್ತು ಕೊರೆಹುಳು ಹಿಡಿಯುತ್ತದೆ.
- ಪೈನ್: ಸರಕು ಪೆಟ್ಟಿಗೆಗಳಿಂದ ದೊರೆಯುವ ಈ ಮೃದು ಮರ ಸ್ಟೇನನ್ನು ಎಲ್ಲೆಡೆ ಸಮನಾಗಿ ಹೀರದೆ ಮಚ್ಚೆ ಮಚ್ಚೆಯಾಗುತ್ತದೆ. ಮೊದಲು ತೆಳುವಾದ ಅರಗಿನ ದ್ರಾವಣ ಬಳಿದರೆ ಈ ದೋಷ ಕಡಿಮೆಯಾಗುತ್ತದೆ.
- ಪ್ಲೈವುಡ್: ಮೇಲಿನ ಹಾಳೆ ಬಹಳ ತೆಳುವಾದುದು. ಹೆಚ್ಚು ಉಜ್ಜಿದರೆ ಒಳಗಿನ ಪದರ ಹೊರಬೀಳುತ್ತದೆ.

ಮರವು ಹದವಾಗಿ ಒಣಗಿರಬೇಕು. ಒಳಾಂಗಣ ಪೀಠೋಪಕರಣದ ಮರದಲ್ಲಿ ತೇವಾಂಶವು ಸಾಮಾನ್ಯವಾಗಿ ಶೇ. 8ರಿಂದ 12ರಷ್ಟಿರಬೇಕೆಂದು ಹೇಳುತ್ತಾರೆ. ಹಸಿ ಮರದ ಮೇಲೆ ಬಳಿದ ಯಾವ ಲೇಪವೂ ನಿಲ್ಲುವುದಿಲ್ಲ.

ಸ್ಟೇನ್‌ಗಳ ವಿಧ

ಬಣ್ಣ ಕೊಡುವ ದ್ರವ್ಯಗಳು ಎರಡು ಬಗೆ. ಮೊದಲನೆಯದು ದ್ರವದಲ್ಲಿ ಪೂರ್ಣವಾಗಿ ಕರಗುವ ಬಣ್ಣ. ಇದು ಮರದ ಎಳೆಯೊಳಕ್ಕೆ ಇಳಿಯುತ್ತದೆ. ನೋಟ ತಿಳಿಯಾಗಿದ್ದು, ಎಳೆಗಳು ಸ್ಪಷ್ಟವಾಗಿ ಕಾಣುತ್ತವೆ. ಆದರೆ ಬಿಸಿಲಿಗೆ ಬೇಗ ಮಾಸುತ್ತದೆ. ಎರಡನೆಯದು ಕರಗದೆ ತೇಲಾಡುವ ನುಣ್ಣನೆಯ ವರ್ಣಕ. ಕೆಮ್ಮಣ್ಣಿನಂತಹ ಮಣ್ಣಿನ ಬಣ್ಣಗಳು ಈ ವರ್ಗಕ್ಕೆ ಸೇರಿದವು. ಇದು ರಂಧ್ರಗಳಲ್ಲಿಯೂ ಗೀರುಗಳಲ್ಲಿಯೂ ಕುಳಿತುಕೊಳ್ಳುತ್ತದೆ. ಬಿಸಿಲನ್ನು ಹೆಚ್ಚು ತಡೆಯುತ್ತದೆಯಾದರೂ ದಪ್ಪವಾಗಿ ಬಳಿದರೆ ಎಳೆಗಳು ಮಂಕಾಗುತ್ತವೆ. ವರ್ಣಕವು ಗೀರುಗಳನ್ನು ಎತ್ತಿ ತೋರಿಸುವುದರಿಂದ ಸರಿಯಾಗಿ ಉಜ್ಜದ ಮರದ ದೋಷಗಳು ಸ್ಟೇನ್ ಬಳಿದ ಮೇಲೆಯೇ ಕಣ್ಣಿಗೆ ಬೀಳುತ್ತವೆ.

ದ್ರವದ ದೃಷ್ಟಿಯಿಂದ ನೀರು, ಎಣ್ಣೆ ಮತ್ತು ಸ್ಪಿರಿಟ್ ಆಧಾರಿತವೆಂದು ಮೂರು ವಿಧ. ನೀರಿನದು ಅಗ್ಗ, ವಾಸನೆ ಕಡಿಮೆ. ಆದರೆ ಮರದ ನವಿರುಗಳನ್ನು ಮೇಲೇಳಿಸುತ್ತದೆ. ಎಣ್ಣೆಯದು ನಿಧಾನವಾಗಿ ಒಣಗುವುದರಿಂದ ಒರೆಸಿ ಸಮಮಾಡಲು ಸಮಯ ಸಿಗುತ್ತದೆ. ಹೊಸಬರಿಗೆ ಇದು ಸುಲಭ. ಸ್ಪಿರಿಟಿನದು ಕ್ಷಣದಲ್ಲಿ ಆರುವುದರಿಂದ ಕೈ ಪಳಗಿದವರಿಗೇ ಸರಿ.

ಒಗರು ಮತ್ತು ಕಬ್ಬಿಣದ ಕಪ್ಪು

ಮರದಲ್ಲಿರುವ ಒಗರು, ಅಂದರೆ ಟ್ಯಾನಿನ್, ಕಬ್ಬಿಣದ ಲವಣದೊಡನೆ ಸೇರಿದಾಗ ಕಪ್ಪಾಗುತ್ತದೆ. ಅಳಲೆಕಾಯಿ ಮತ್ತು ಕಬ್ಬಿಣದಿಂದ ಕಪ್ಪು ಮಸಿಯನ್ನು ತಯಾರಿಸುತ್ತಿದ್ದುದು ಇದೇ ಗುಣದಿಂದ. ಕಬ್ಬಿಣದ ತೆಳು ಎಳೆಗಳನ್ನು ಕೆಲವು ದಿನ ವಿನೆಗರಿನಲ್ಲಿ ನೆನೆಹಾಕಿ ಸೋಸಿದರೆ ಮನೆಯಲ್ಲಿಯೇ ಇಂತಹ ಸ್ಟೇನ್ ದೊರೆಯುತ್ತದೆ. ಒಗರು ಕಡಿಮೆ ಇರುವ ಮರಕ್ಕೆ ಮೊದಲು ಅಳಲೆಕಾಯಿ ಅಥವಾ ಜಾಲಿ ತೊಗಟೆಯ ಕಷಾಯವನ್ನು ಬಳಿದು, ಒಣಗಿದ ಮೇಲೆ ಕಬ್ಬಿಣದ ನೀರನ್ನು ಹಚ್ಚಬೇಕು. ನೆನೆಹಾಕಿದ ಪಾತ್ರೆಯಲ್ಲಿ ಜಲಜನಕ ಅನಿಲ ಉಂಟಾಗುವುದರಿಂದ ಮುಚ್ಚಳವನ್ನು ಬಿಗಿಯಬಾರದು, ಹತ್ತಿರ ಬೆಂಕಿ ಇರಬಾರದು. ಒಗರುಳ್ಳ ಮರಕ್ಕೆ ಕಬ್ಬಿಣದ ಮೊಳೆ ಹೊಡೆದಲ್ಲಿ ಮಳೆನೀರು ತಾಗಿದಾಗ ಕಪ್ಪು ಕಲೆ ಮೂಡುವುದೂ ಇದೇ ಕ್ರಿಯೆಯಿಂದ.

ಹೊರಲೇಪಗಳ ವಿಧ

ಹೊರಲೇಪಗಳಲ್ಲಿ ಮರದೊಳಗೆ ಇಳಿಯುವವು, ಮೇಲೆ ಪದರ ಕಟ್ಟುವವು ಎಂದು ಎರಡು ಮುಖ್ಯ ವಿಭಾಗಗಳಿವೆ. ಮೊದಲನೆಯವನ್ನು ಮನೆಯಲ್ಲಿ ದುರಸ್ತಿ ಮಾಡುವುದು ಸುಲಭ. ಎರಡನೆಯವು ಹೆಚ್ಚು ರಕ್ಷಣೆ ಕೊಡುತ್ತವೆ. ಆದರೆ ಒಮ್ಮೆ ಸುಲಿದರೆ ಸರಿಪಡಿಸುವುದು ಶ್ರಮದ ಕೆಲಸ.

ಎಣ್ಣೆಗಳು

ಎಲ್ಲ ಎಣ್ಣೆಯೂ ಮರಕ್ಕೆ ಲೇಪವಾಗುವುದಿಲ್ಲ. ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗುವ ಎಣ್ಣೆ ಮಾತ್ರ ಯೋಗ್ಯ. ಅಗಸೆ ಎಣ್ಣೆ ಮತ್ತು ಟಂಗ್ ಎಣ್ಣೆ ಈ ಗುಂಪಿನವು. ಕುಸುಬೆ ಎಣ್ಣೆಯೂ ಒಣಗುತ್ತದೆ, ಆದರೆ ಅಗಸೆಗಿಂತ ನಿಧಾನ. ಶೇಂಗಾ, ಕೊಬ್ಬರಿ ಮತ್ತು ಔಡಲ ಎಣ್ಣೆಗಳು ಒಣಗುವುದಿಲ್ಲ. ಅವನ್ನು ಹಚ್ಚಿದ ಬಾಗಿಲು ಮೊದಲು ಹೊಳೆದರೂ ಜಿಡ್ಡಾಗಿಯೇ ಉಳಿದು ಧೂಳು ಹಿಡಿಯುತ್ತದೆ.

ಹಸಿ ಅಗಸೆ ಎಣ್ಣೆ ಒಣಗಲು ಹಲವು ದಿನಗಳು ಬೇಕು. ಅಂಗಡಿಯಲ್ಲಿ 'ಬೇಯಿಸಿದ' ಎಂದು ಮಾರುವ ಎಣ್ಣೆಗೆ ಸಾಮಾನ್ಯವಾಗಿ ಲೋಹದ ಲವಣಗಳನ್ನು ಬೆರೆಸಿರುತ್ತಾರೆ. ಅದು ಸುಮಾರು ಒಂದು ದಿನದಲ್ಲಿ ಆರುತ್ತದೆ. ಆದ್ದರಿಂದ ಊಟದ ಪಾತ್ರೆಗಳಿಗೆ ಮತ್ತು ಮಕ್ಕಳ ಆಟಿಕೆಗಳಿಗೆ ಹಸಿ ಎಣ್ಣೆಯೇ ಉತ್ತಮ. ತೆಳುವಾಗಿ ಹಚ್ಚಿ, ಕಾಲು ಅಥವಾ ಅರ್ಧ ಗಂಟೆಯ ಬಳಿಕ ಮಿಕ್ಕಿದ್ದನ್ನೆಲ್ಲ ಒರೆಸಿ ತೆಗೆಯುವುದು ಎಣ್ಣೆ ಕೆಲಸದ ಮುಖ್ಯ ನಿಯಮ.

ಅರಗು

ಅರಗು ಎಂಬುದು ಕೆಲವು ಮರಗಳ ಟೊಂಗೆಗಳ ಮೇಲೆ ವಾಸಿಸುವ ಸಣ್ಣ ಕೀಟವು ಸ್ರವಿಸುವ ರಾಳ. ಇದನ್ನು ಶುದ್ಧಗೊಳಿಸಿ ಮಾಡಿದ ಶೆಲ್ಲಾಕ್ ಚಕ್ಕೆಗಳನ್ನು ಸ್ಪಿರಿಟಿನಲ್ಲಿ ಕರಗಿಸಿದರೆ ಫ್ರೆಂಚ್ ಪಾಲಿಶ್ ಸಿದ್ಧವಾಗುತ್ತದೆ. ಒಂದು ಲೀಟರಿಗೆ ಸುಮಾರು 120 ಗ್ರಾಂ ಚಕ್ಕೆ ಹಾಕಿದರೆ ಹೊಸಬರೂ ಬಳಿಯಬಹುದಾದ ತೆಳುವಾದ ದ್ರಾವಣವಾಗುತ್ತದೆ. ಕರಗಿಸಿದ ಅರಗನ್ನು ಬಹುಕಾಲ ಇಟ್ಟರೆ ಅದು ಒಣಗುವ ಗುಣವನ್ನು ಕಳೆದುಕೊಳ್ಳುವುದರಿಂದ ಬೇಕಾದಷ್ಟನ್ನೇ ತಯಾರಿಸಬೇಕು.

ಅರಗು ಬೇಗ ಆರುತ್ತದೆ. ಹೊಸ ಪದರವು ಹಳೆಯ ಪದರವನ್ನು ಸ್ವಲ್ಪ ಕರಗಿಸಿ ಅದರೊಡನೆ ಒಂದಾಗುತ್ತದೆ. ಆದುದರಿಂದ ಹತ್ತಾರು ವರ್ಷಗಳ ಅನಂತರವೂ ದುರಸ್ತಿ ಸಾಧ್ಯ. ಇದರ ದೌರ್ಬಲ್ಯವೆಂದರೆ ಬಿಸಿ, ಸೋಪು ಮತ್ತು ಮದ್ಯಸಾರ. ಅರಗು ಸುಮಾರು 70 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಮೃದುವಾಗುತ್ತದೆ. ಬಿಸಿ ಕಾಫಿಯ ಲೋಟ ಇಟ್ಟಲ್ಲಿ ಬಿಳಿಯ ಉಂಗುರ ಮೂಡುವುದು ಇದರಿಂದಲೇ. ಅದು ಸುಲಭವಾಗಿ ಉರಿಯುತ್ತದೆ ಎಂಬುದನ್ನು ಮಹಾಭಾರತದ ಅರಗಿನ ಮನೆಯ ಕಥೆ ಬಲ್ಲವರಿಗೆ ವಿವರಿಸಬೇಕಾಗಿಲ್ಲ. ಊಟದ ಮೇಜಿಗಿಂತ ಪುಸ್ತಕದ ಕಪಾಟು, ಚಿತ್ರದ ಚೌಕಟ್ಟು, ದೇವರ ಮಂಟಪದ ಹೊರಭಾಗಗಳಿಗೆ ಅರಗು ಹೊಂದುತ್ತದೆ. ದೀಪ ಉರಿಯುವ ಕಡೆ ಅದನ್ನು ಬಳಸಬಾರದು.

ವಾರ್ನಿಷ್ ಮತ್ತು ಪಿಯು

ಒಣಗುವ ಎಣ್ಣೆ ಮತ್ತು ರಾಳವನ್ನು ಸೇರಿಸಿ ಮಾಡಿದ ವಾರ್ನಿಷ್ ಗಟ್ಟಿಯಾದ, ನೀರನ್ನು ತಡೆಯುವ ಪದರವನ್ನು ಕೊಡುತ್ತದೆ. ಪಿಯು ಎಂದು ಅಂಗಡಿಗಳಲ್ಲಿ ಕರೆಯುವ ಪಾಲಿಯುರೇಥೇನ್ ಇನ್ನೂ ಗಟ್ಟಿ. ಎಣ್ಣೆ ಆಧಾರಿತ ಪಿಯು ಸ್ವಲ್ಪ ಹಳದಿ ಛಾಯೆ ಕೊಡುತ್ತದೆ. ಪದರಗಳ ನಡುವೆ ಸುಮಾರು ಒಂದು ದಿನದ ಬಿಡುವು ಬೇಕು. ನೀರು ಆಧಾರಿತ ಪಿಯು ಕೆಲವೇ ಗಂಟೆಗಳಲ್ಲಿ ಆರುತ್ತದೆ. ಬಣ್ಣ ಬದಲಾಗುವುದಿಲ್ಲ, ವಾಸನೆಯೂ ಕಡಿಮೆ. ಮೇಣದ ಅಂಶವಿರುವ ಅರಗಿನ ಮೇಲಾಗಲಿ, ಜೇನುಮೇಣದ ಮೇಲಾಗಲಿ ಪಿಯು ನಿಲ್ಲುವುದಿಲ್ಲ. ಮೇಣ ತೆಗೆದ ಅರಗಿನ ಮೇಲೆ ನಿಲ್ಲುತ್ತದೆ.

ಎನ್‌ಸಿ ಲ್ಯಾಕರ್ ಮತ್ತು ಮೆಲಮೈನ್

ವೃತ್ತಿಪರ ಬಡಗಿಗಳು ಗಾಳಿಯಂತ್ರದಿಂದ ಸಿಂಪಡಿಸುವ ಲೇಪಗಳಿವು. ಶೀಘ್ರವಾಗಿ ಆರುವುದು ಇವುಗಳ ಲಾಭ. ಎನ್‌ಸಿ ಬಹು ಬೇಗ ಬೆಂಕಿ ಹಿಡಿಯುವಂತಹುದು. ಮೆಲಮೈನ್ ಗಟ್ಟಿಯಾಗುವಾಗ ಫಾರ್ಮಾಲ್ಡಿಹೈಡ್ ಅನಿಲವನ್ನು ಬಿಡುತ್ತದೆ. ಮನೆಯೊಳಗೆ, ಮುಖ್ಯವಾಗಿ ಮಲಗುವ ಕೋಣೆಯಲ್ಲಿ, ಇವನ್ನು ಬಳಿಯುವುದು ಸೂಕ್ತವಲ್ಲ.

ಜೇನುಮೇಣ

ಮೇಣವು ಮೃದುವಾದ ಕಾಂತಿಯನ್ನು ಕೊಡುತ್ತದೆ. ಆದರೆ ಅದರ ರಕ್ಷಣೆ ಅತ್ಯಲ್ಪ. ಎಣ್ಣೆ ಅಥವಾ ಅರಗಿನ ಮೇಲಿನ ಅಂತಿಮ ಪದರವಾಗಿ ಉಪಯುಕ್ತ.

ಬಳಕೆಗೆ ತಕ್ಕ ಆಯ್ಕೆ

- ತೊಟ್ಟಿಲು ಮತ್ತು ಆಟಿಕೆ: ಮಗು ಕಚ್ಚುವ ವಸ್ತು. ಹಸಿ ಅಗಸೆ ಎಣ್ಣೆ, ಜೇನುಮೇಣ ಅಥವಾ ಶುದ್ಧ ಅರಗು ಯೋಗ್ಯ. ಮಾತ್ರೆ ಮತ್ತು ಮಿಠಾಯಿಗಳ ಮೇಲ್ಪದರವಾಗಿಯೂ ಶುದ್ಧ ಶೆಲ್ಲಾಕ್ ಬಳಕೆಯಲ್ಲಿದೆ. ಬಣ್ಣ ಬೇಕಾದರೆ ಅರಿಸಿನದಂತಹ ತಿನ್ನಬಹುದಾದ ಬಣ್ಣವನ್ನು ಬಳಸಬಹುದು. ಅರಿಸಿನ ಬಿಸಿಲಿಗೆ ಬೇಗ ಮಾಸುತ್ತದೆ.
- ಲಟ್ಟಣಿಗೆ, ಮಣೆ, ಸೌಟು: ಸ್ಟೇನ್ ಬೇಡ. ತೆಳುವಾಗಿ ಹಚ್ಚಿ ಪೂರ್ಣ ಒಣಗಿಸಿದ ಅಗಸೆ ಎಣ್ಣೆ ಸಾಕು. ಪದರ ಕಟ್ಟುವ ಲೇಪವು ಸುಲಿದು ಆಹಾರದಲ್ಲಿ ಬೆರೆಯುತ್ತದೆ.
- ಊಟದ ಮೇಜು, ಓದುವ ಮೇಜು: ಪಿಯು ಅಥವಾ ವಾರ್ನಿಷ್.
- ಕಪಾಟು, ಪುಸ್ತಕದ ಗೂಡು: ಅರಗು ಮತ್ತು ಮೇಣ. ಕಪಾಟಿನ ಒಳಭಾಗಕ್ಕೆ ಅಗಸೆ ಎಣ್ಣೆ ಬೇಡ. ಗಾಳಿಯಾಡದ ಕಡೆ ಅದರ ವಾಸನೆ ಬಹುಕಾಲ ಉಳಿಯುತ್ತದೆ.
- ಹೊರಬಾಗಿಲು, ಕಿಟಕಿ: ವರ್ಣಕವಿರುವ ಎಣ್ಣೆ ಸ್ಟೇನ್ ಅಥವಾ ಬಿಸಿಲು ತಡೆಯುವ ಹೊರಾಂಗಣದ ವಾರ್ನಿಷ್.

ತಂಬ್ರಹಳ್ಳಿ ಸೀಮೆಯ ಹವಾಗುಣ

2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯ ಹಗರಿಬೊಮ್ಮನಹಳ್ಳಿ ತಾಲ್ಲೂಕಿಗೆ ಸೇರಿದ ತಂಬ್ರಹಳ್ಳಿ, ಹಾಗೆಯೇ ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ ಭಾಗಗಳು ಮಳೆ ಕಡಿಮೆಯಿರುವ ಬಯಲುಸೀಮೆ. ಇಲ್ಲಿಯ ಬೇಸಗೆ ಉರಿಬಿಸಿಲಿನದು. ಮಲೆನಾಡಿನಲ್ಲಿ ಲೇಪಕ್ಕೆ ಶತ್ರು ತೇವವಾದರೆ ಇಲ್ಲಿ ಬಿಸಿಲು, ಧೂಳು ಮತ್ತು ಮರದ ಹಿಗ್ಗು ಕುಗ್ಗು.

ಪಾರದರ್ಶಕ ವಾರ್ನಿಷ್ ಬಿಸಿಲಿಗೆ ಸುಲಿಯಲು ಕಾರಣವಿದೆ. ಸೂರ್ಯನ ನೇರಳಾತೀತ ಕಿರಣಗಳು ಪದರವನ್ನು ಹಾದುಹೋಗಿ ಮರದ ಎಳೆಗಳನ್ನು ಬಂಧಿಸುವ ಲಿಗ್ನಿನ್ ಎಂಬ ದ್ರವ್ಯವನ್ನು ಕೆಡಿಸುತ್ತವೆ. ಪದರವು ಗಟ್ಟಿಯಾಗಿಯೇ ಇದ್ದರೂ ಅದು ಹಿಡಿದುಕೊಂಡಿದ್ದ ಮರವೇ ಸಡಿಲವಾಗಿ ಪದರ ಕಳಚುತ್ತದೆ. ವರ್ಣಕವು ಕಿರಣಗಳನ್ನು ತಡೆಯುತ್ತದೆ. ಆದುದರಿಂದ ಪಶ್ಚಿಮ ದಿಕ್ಕಿಗೆ ಮುಖಮಾಡಿದ ಬಾಗಿಲಿಗೆ ಬಣ್ಣರಹಿತ ಮೆರುಗಿಗಿಂತ ಕಂದು ಅಥವಾ ಕೆಂಪು ವರ್ಣಕದ ಎಣ್ಣೆ ಲೇಪ ಹೆಚ್ಚು ಬಾಳುತ್ತದೆ. ಬಣ್ಣ ಮಾಸಿದಾಗ ಸುಲಿಯುವ ಕೆಲಸವಿಲ್ಲದೆ ತೊಳೆದು, ಒಣಗಿಸಿ, ಮತ್ತೊಮ್ಮೆ ಹಚ್ಚಿದರೆ ಸಾಕು.

ನಡುಹಗಲಿನ ಬಿಸಿಲಿನಲ್ಲಿ ಬಳಿದರೆ ಮೇಲ್ಪದರ ಬೇಗ ಆರಿ ಒಳಗೆ ಗುಳ್ಳೆಗಳು ಉಳಿಯುತ್ತವೆ. ಬೇಸಗೆಯಲ್ಲಿ ಬೆಳಗಿನ ಹೊತ್ತು, ಗಾಳಿ ಏಳುವ ಮುನ್ನ, ನೆರಳಿನಲ್ಲಿ ಬಳಿಯುವುದು ಹಿತ. ಮಳೆಗಾಲದ ತೇವದ ದಿನಗಳಲ್ಲಿ ಅರಗು ಮತ್ತು ಎನ್‌ಸಿ ಲೇಪಗಳು ಮಂಜುಗಟ್ಟಿದಂತೆ ಬಿಳಿಚಿಕೊಳ್ಳುತ್ತವೆ. ಅಂತಹ ದಿನ ಕೆಲಸವನ್ನು ಮುಂದೂಡುವುದೇ ಸರಿ.

ಯಾವ ಹೊರಲೇಪವೂ ಗೆದ್ದಲಿಗೆ ಔಷಧವಲ್ಲ ಎಂಬುದನ್ನು ಗಮನಿಸಬೇಕು. ಗೆದ್ದಲಿನ ತಡೆಗೆ ಚೇಗು ಮರದ ಆಯ್ಕೆ, ಮರವು ನೆಲಕ್ಕೆ ತಾಗದಂತೆ ನೋಡಿಕೊಳ್ಳುವುದು ಮತ್ತು ಪ್ರತ್ಯೇಕ ಸಂರಕ್ಷಕ ದ್ರಾವಣ ಅಗತ್ಯ.

ಬಳಿಯುವ ಕ್ರಮ

1. ಹತ್ತರಿ ಹೊಡೆದ ಮರವನ್ನು 80 ಅಥವಾ 120ನೆಯ ಸಂಖ್ಯೆಯ ಉಪ್ಪುಕಾಗದದಿಂದ ಆರಂಭಿಸಿ 180, 220ರವರೆಗೆ ಎಳೆಯ ದಿಕ್ಕಿನಲ್ಲಿಯೇ ಉಜ್ಜಬೇಕು. ಸಂಖ್ಯೆ ಹೆಚ್ಚಿದಷ್ಟೂ ಕಾಗದ ನುಣುಪು. ನಡುವಿನ ಸಂಖ್ಯೆಯನ್ನು ಬಿಟ್ಟು ಹಾರಿದರೆ ಮೊದಲಿನ ಗೀರುಗಳು ಉಳಿಯುತ್ತವೆ.
2. ನೀರು ಆಧಾರಿತ ಲೇಪ ಬಳಸುವುದಾದರೆ ಮೊದಲು ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಎದ್ದ ನವಿರನ್ನು ಹಗುರವಾಗಿ ಉಜ್ಜಬೇಕು.
3. ಧೂಳನ್ನು ಪೂರ್ಣವಾಗಿ ಒರೆಸಬೇಕು.
4. ಅದೇ ಮರದ ಉಳಿಕೆ ತುಂಡನ್ನು ಅದೇ ರೀತಿ ಉಜ್ಜಿ, ಸ್ಟೇನ್ ಹಾಗೂ ಹೊರಲೇಪ ಎರಡನ್ನೂ ಬಳಿದು ಪರೀಕ್ಷಿಸಬೇಕು. ಹೊರಲೇಪ ಬಿದ್ದ ಮೇಲೆ ಬಣ್ಣ ಗಾಢವಾಗುವುದರಿಂದ ಸ್ಟೇನನ್ನು ಮಾತ್ರ ನೋಡಿ ನಿರ್ಧರಿಸುವುದು ಸರಿಯಲ್ಲ. ಅಂಗಡಿಯ ಬಣ್ಣದ ಪಟ್ಟಿಯೂ ಈ ಪರೀಕ್ಷೆಗೆ ಬದಲಿಯಲ್ಲ.
5. ಸ್ಟೇನನ್ನು ಹಚ್ಚಿ, ಕೆಲವು ನಿಮಿಷಗಳಲ್ಲಿ ಮಿಕ್ಕಿದ್ದನ್ನು ಒರೆಸಬೇಕು. ಮರದ ತುದಿಯ ಅಡ್ಡಕೊಯ್ತ ಹೆಚ್ಚು ಹೀರುವುದರಿಂದ ಅಲ್ಲಿ ಕಡಿಮೆ ಹಚ್ಚಬೇಕು.
6. ಸ್ಟೇನ್ ಪೂರ್ಣ ಒಣಗಿದ ಬಳಿಕ ಹೊರಲೇಪವನ್ನು ಒಂದು ದಪ್ಪ ಪದರದ ಬದಲು ಎರಡು ಮೂರು ತೆಳು ಪದರಗಳಲ್ಲಿ ಬಳಿಯಬೇಕು. ವಾರ್ನಿಷ್ ಮತ್ತು ಪಿಯು ಪದರಗಳ ನಡುವೆ 320ರ ಕಾಗದದಿಂದ ಹಗುರವಾಗಿ ಉಜ್ಜಬೇಕು.
7. ಹಲಗೆಯ ಮೇಲ್ಮೈಗೆ ಮಾತ್ರವಲ್ಲದೆ ಅಡಿಭಾಗಕ್ಕೂ ಲೇಪ ಕೊಡಬೇಕು. ಒಂದೇ ಬದಿ ಬಳಿದ ಹಲಗೆ ತೇವವನ್ನು ಅಸಮವಾಗಿ ಹೀರಿ ಬಾಗುತ್ತದೆ.

ಸುರಕ್ಷತೆ

ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಎಸೆದರೆ ಅದು ತಾನಾಗಿಯೇ ಹೊತ್ತಿಕೊಳ್ಳಬಲ್ಲದು. ಎಣ್ಣೆ ಆಮ್ಲಜನಕದೊಡನೆ ಸೇರುವಾಗ ಬಿಸಿ ಹುಟ್ಟುತ್ತದೆ. ಮುದ್ದೆಯೊಳಗಿನ ಬಿಸಿ ಹೊರಹೋಗಲಾರದೆ ಏರುತ್ತಾ ಹೋಗಿ ಬೆಂಕಿಯಾಗುತ್ತದೆ. ಇದಕ್ಕೆ ಕಿಡಿ ಬೇಕಾಗಿಲ್ಲ. ಮರದ ಹೊಟ್ಟಿನ ರಾಶಿ ಅಥವಾ ಮೇವಿನ ಬಣವೆ ಪಕ್ಕದಲ್ಲಿದ್ದರೆ ಅನಾಹುತ ದೊಡ್ಡದಾಗುತ್ತದೆ. ಅಂತಹ ಬಟ್ಟೆಗಳನ್ನು ಬಯಲಿನಲ್ಲಿ ಒಂದೊಂದಾಗಿ ಹರಡಿ ಗಟ್ಟಿಯಾಗುವವರೆಗೆ ಒಣಗಿಸಬೇಕು ಅಥವಾ ನೀರು ತುಂಬಿದ ಡಬ್ಬಿಯಲ್ಲಿ ಮುಳುಗಿಸಿಡಬೇಕು. 'ಡ್ಯಾನಿಷ್ ಎಣ್ಣೆ' ಹಾಗೂ ಎಣ್ಣೆ ಆಧಾರಿತ ಸ್ಟೇನ್, ವಾರ್ನಿಷ್‌ಗಳಿಗೂ ಇದೇ ನಿಯಮ.

ಪಾಲಿಶಿಗೆ ಬಳಸುವ ಕೈಗಾರಿಕಾ ಸ್ಪಿರಿಟಿನಲ್ಲಿ ವಿಷಕಾರಿ ಮೆಥನಾಲ್ ಇರಬಹುದು. ಅದರ ಸೇವನೆಯಿಂದ ಕುರುಡುತನ ಮತ್ತು ಮರಣ ಸಂಭವಿಸುತ್ತದೆ. ಅದನ್ನೂ ತಿನ್ನರನ್ನೂ ಕುಡಿಯುವ ನೀರಿನ ಬಾಟಲಿಗಳಲ್ಲಿ ತುಂಬಿಡಬಾರದು. ಕಿಟಕಿಗಳನ್ನು ತೆರೆದು, ಒಲೆ ಮತ್ತು ದೀಪಗಳಿಂದ ದೂರವಿದ್ದು ಕೆಲಸ ಮಾಡಬೇಕು. ಉಜ್ಜುವಾಗ ಮೂಗು ಬಾಯಿ ಮುಚ್ಚಿಕೊಳ್ಳಬೇಕು.

ಹಳೆಯ ಬಾಗಿಲು, ತೊಟ್ಟಿಲುಗಳ ಬಣ್ಣವನ್ನು ಕೆರೆಯುವಾಗ ವಿಶೇಷ ಎಚ್ಚರ ಅಗತ್ಯ. ಅವುಗಳಲ್ಲಿ ಸೀಸವಿರಬಹುದು. ಸೀಸವು ಮಕ್ಕಳ ಮಿದುಳಿನ ಬೆಳವಣಿಗೆಗೆ ಹಾನಿಕರ. ಗೃಹಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣ ಹತ್ತು ಲಕ್ಷ ಭಾಗಗಳಲ್ಲಿ 90 ಭಾಗವನ್ನು ಮೀರಬಾರದೆಂದು ಭಾರತ ಸರಕಾರ 2016ರಲ್ಲಿ ನಿಯಮ ಮಾಡಿತು. ಇದು 2017ರ ನವೆಂಬರ್ 1ರಿಂದ ಜಾರಿಗೆ ಬಂದಿತು. ಅದಕ್ಕಿಂತ ಹಿಂದಿನ ಬಣ್ಣವನ್ನು ಒಣದಾಗಿ ಉಜ್ಜಿ ಧೂಳೆಬ್ಬಿಸದೆ, ನೀರು ಸಿಂಪಡಿಸಿ ಕೆರೆದು, ಸಿಪ್ಪೆಗಳನ್ನು ಕಾಗದದಲ್ಲಿ ಕಟ್ಟಿ ವಿಲೇವಾರಿ ಮಾಡಬೇಕು. ಸುಡಬಾರದು. ಕೆಲಸ ಮುಗಿಯುವವರೆಗೆ ಮಕ್ಕಳನ್ನೂ ಗರ್ಭಿಣಿಯರನ್ನೂ ಆ ಸ್ಥಳದಿಂದ ದೂರವಿಡಬೇಕು.